ಫೆರಿ ತಪ್ಪಿಸಿಕೊಂಡ ಆಂಟಿ

ಆಂಟಿಯ ಕೊರಳಲ್ಲಿ ಕರಿಮಣಿ ಸರದ ಜೊತೆಗೆ ಇನ್ನೊಂದು ದಾರ ಇರುತ್ತಿತ್ತು. ಅದರಲ್ಲಿ ಐದು ಕೀಗಳು: ಮುಂಬಾಗಿಲು, ಗರಾಜು, ಹಿಂದಿನ ಡೆಕ್ಕು, ಬೇಸ್‌ಮೆಂಟು, ಕಾರು. ಸ್ನಾನಕ್ಕೆ ಹೋದಾಗಲೂ ತೆಗೆಯುತ್ತಿರಲಿಲ್ಲ. ತಾಕಿ ತಾಕಿ ಎದೆಯ ಮೇಲೆ ಒಂದು ಕಂದು ಕಲೆಯೇ ಬಿದ್ದುಬಿಟ್ಟಿತ್ತು. ಅಮೆರಿಕದ ಎಲಿಕಾಟ್ ಸಿಟಿಯ ಆ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದವಳು ನಾನು. ತಲೆಯ ಮೇಲೆ ಕೀಗಳ ಸದ್ದು ಕೇಳಿದರೆ ಆಂಟಿ ಓಡಾಡುತ್ತಿದ್ದಾರೆ ಅಂತ ಅರ್ಥ. ಅದರ ಹಿಂದೆಯೇ, ಎರಡು ಹೆಜ್ಜೆ ತಡವಾಗಿ, ಅಂಕಲ್ ಚಪ್ಪಲಿಯ ಸಪ್ಪಳ.

ಅಂಕಲ್‌ಗೆ ಮರೆವಿನ ಕಾಯಿಲೆ. ಬೀಗ ಹಾಕದಿದ್ದರೆ ಹೊರಗೆ ಹೊರಟುಬಿಡುತ್ತಿದ್ದರು. ಒಮ್ಮೆ ಪಕ್ಕದ ರಸ್ತೆಯವರ ಗರಾಜಿನಲ್ಲಿ ಸಿಕ್ಕಿದ್ದರಂತೆ. ಮನೆಯೊಳಗಿದ್ದಾಗ ಆಂಟಿ ಕಣ್ಣಿಂದ ಮರೆಯಾಗುವ ಹಾಗಿಲ್ಲ. ಆಂಟಿ ಬಾತ್‌ರೂಮಿಗೆ ಹೋದರೂ ಅಂಕಲ್ ಹೊರಗೆ ನಿಂತು ಬಾಗಿಲು ತಟ್ಟುತ್ತಿದ್ದರು. ರಾತ್ರಿ ನಾಲ್ಕೈದು ಸಲ ಎಬ್ಬಿಸುತ್ತಿದ್ದರು. ಇದು ಶುರುವಾಗಿದ್ದು ಕೋವಿಡ್ ವರ್ಷದಲ್ಲಿ. ಆಗ ಎಲ್ಲರ ಮನೆಯ ಬಾಗಿಲೂ ಮುಚ್ಚಿತ್ತು. ಊರೆಲ್ಲ ತೆರೆದ ಮೇಲೂ ಇವರ ಮನೆ ಮುಚ್ಚಿಯೇ ಉಳಿಯಿತು. ಇಪ್ಪತ್ತೆರಡು ವರ್ಷ ಲೈಬ್ರರಿಯಲ್ಲಿ ಕೆಲಸ ಮಾಡಿದ್ದ ಆಂಟಿ ಈಗ ಓದುತ್ತಿದ್ದದ್ದು ಔಷಧದ ಡಬ್ಬಿಯ ಮೇಲಿನ ಸಣ್ಣಕ್ಷರಗಳನ್ನು ಮಾತ್ರ. ಯಾರಾದರೂ ಅಯ್ಯೋ ಪಾಪ ಅಂದರೆ ತಕ್ಷಣ ಕೇಳುತ್ತಿದ್ದರು: "ಯಾಕೆ? ನಾನೇನು ಜೈಲಲ್ಲಿದ್ದೀನಾ?"

ಸುಮ್ಮನೆ ಇರುವವರಲ್ಲ. ಬೆಳಿಗ್ಗೆ ನನಗೂ ಸೇರಿಸಿ ಉಪ್ಪಿಟ್ಟು ಮಾಡಿ, ಮೆಟ್ಟಿಲ ಮೇಲೆ ತಟ್ಟೆ ಇಟ್ಟು, "ಬಿಸಿ ಇದೆ, ಜೂಮ್ ಆಮೇಲೆ ಮಾಡ್ಕೋ" ಎಂದು ಕೂಗುತ್ತಿದ್ದರು. ನಾನು ತಟ್ಟೆ ತೊಳೆಯದೆ ವಾಪಸ್ ಇಟ್ಟರೆ ಸಂಜೆ ಅದೇ ತಟ್ಟೆ ಮತ್ತೆ ನನ್ನ ಮೆಟ್ಟಿಲ ಮೇಲೆ ಬರುತ್ತಿತ್ತು, ಖಾಲಿ.

ನನಗೆ ಕೆಲಸ ಹೋದ ವರ್ಷ ಅದು. ನನ್ನಂಥ ವೀಸಾದವರಿಗೆ ಕೆಲಸ ಹೋದರೆ ಅರವತ್ತು ದಿನ. ಅಷ್ಟರಲ್ಲಿ ಬೇರೆ ಕಂಪನಿ ಸಿಗದಿದ್ದರೆ ದೇಶ ಬಿಡಬೇಕು. ನಾನು ಕೆಳಗೆ ಕೂತು ದಿನ ಎಣಿಸುತ್ತಿದ್ದೆ; ಮೇಲೆ ಆಂಟಿ. ಇಪ್ಪತ್ತೊಂಬತ್ತನೇ ದಿನ ಜರ್ಮನ್‌ಟೌನಿನ ಒಂದು ಸಣ್ಣ ಕಂಪನಿಯಿಂದ ಕರೆ ಬಂತು: ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕೊನೆಯ ಸುತ್ತಿನ ಇಂಟರ್‌ವ್ಯೂ, ಖುದ್ದಾಗಿ ಬರಬೇಕು.

ಅದೇ ದಿನ ಆಂಟಿ ಕೆಳಗಿಳಿದು ಬಂದರು.

"ಈ ವೀಕೆಂಡ್ ನಮ್ಮನ್ನ ಒಂದು ಕಡೆ ಕರ್ಕೊಂಡು ಹೋಗ್ತೀಯಾ? ನಂಗೆ ಹೈವೇ ಡ್ರೈವ್ ಮಾಡಕ್ಕಾಗಲ್ಲ. ಮಾಡಿದ್ರೂ ಇವರು ಸ್ಟೀರಿಂಗ್‌ಗೆ ಕೈ ಹಾಕ್ತಾರೆ."

ಹೋಗಬೇಕಾಗಿದ್ದದ್ದು ಈರಿ ಸರೋವರದ ನಡುವೆ ಇರುವ ಒಂದು ಪುಟ್ಟ ದ್ವೀಪಕ್ಕೆ. ಅಂಕಲ್ ಸಸ್ಯವಿಜ್ಞಾನಿ, ದ್ರಾಕ್ಷಿಯ ರೋಗಗಳ ಮೇಲೆ ಕೆಲಸ ಮಾಡಿದವರು. ಮೂವತ್ತು ವರ್ಷ, ಪ್ರತಿ ಅಕ್ಟೋಬರಿನಲ್ಲೂ ಅಲ್ಲಿನ ತೋಟಗಳಿಗೆ ಹೋಗಿ ಬರುತ್ತಿದ್ದರು. ಬಂದು ವರ್ಣಿಸುತ್ತಿದ್ದರಂತೆ: ಸುತ್ತ ನೀರು, ನಡುವೆ ಬಳ್ಳಿಗಳು, ವೈನ್ ಮಾಡುವ ಹಳೆಯ ಕಲ್ಲಿನ ಮನೆಗಳು, ಬೇರೆ ಕಡೆ ಮಂಜು ಬಿದ್ದಾಗಲೂ ಅಲ್ಲಿ ಬೆಚ್ಚಗೆ. "ಮುಂದಿನ ವರ್ಷ ನಿನ್ನೂ ಕರ್ಕೊಂಡು ಹೋಗ್ತೀನಿ" ಅನ್ನುತ್ತಿದ್ದರಂತೆ. ಒಂದು ವರ್ಷ ಮಗನ ಪರೀಕ್ಷೆ, ಇನ್ನೊಂದು ವರ್ಷ ಇನ್ನೇನೋ.

"ಹಳೇ ಜಾಗ ನೋಡಿದ್ರೆ ಸ್ವಲ್ಪ ನೆನಪಾದ್ರೂ ಆಗಬಹುದು" ಎಂದರು ಆಂಟಿ. ಭಾನುವಾರ ರಾತ್ರಿಯೊಳಗೆ ವಾಪಸ್ ಬರುತ್ತೇವೆ ಎಂಬ ಮಾತಿನ ಮೇಲೆ ಒಪ್ಪಿದೆ.

ಶನಿವಾರ ಏಳು ಗಂಟೆ ಡ್ರೈವ್ ಮಾಡಿ ದಡದ ಊರಲ್ಲಿ ಉಳಿದೆವು. ಭಾನುವಾರ ಬೆಳಿಗ್ಗೆ ಕಾರು ಅಲ್ಲೇ ಬಿಟ್ಟು, ದ್ವೀಪಕ್ಕೆ ಜನರನ್ನು ದಾಟಿಸುವ ಫೆರಿ ದೋಣಿ ಹತ್ತಿದೆವು. ಮನೆ ಬಿಡುವಾಗ ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ದ್ವೀಪದಲ್ಲಿ ಇಳಿದಾಗ ಆಂಟಿ ಕೋಟು ಬಿಚ್ಚಿ ಕೈಯಲ್ಲಿ ಹಿಡಿದರು. ಬೇಲಿಯ ಮೇಲೆ ಗುಲಾಬಿ ಇನ್ನೂ ಅರಳಿತ್ತು. ಬೇಸಿಗೆಯ ಬಿಸಿಯನ್ನು ಸರೋವರ ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೇ ಇಲ್ಲಿ ಹಣ್ಣು ತಡವಾಗಿ, ಚೆನ್ನಾಗಿ ಮಾಗುತ್ತದೆ ಎಂದು ಫೆರಿಯವನು ವಿವರಿಸಿದ. ಆಂಟಿ ನನಗೆ ಮಾತ್ರ ಕೇಳುವಂತೆ ಹೇಳಿದರು: "ಇವರೂ ಹೀಗೇ ಹೇಳೋರು."

ಮೊದಲ ತೋಟದಲ್ಲೇ ಅಂಕಲ್ ನಿಂತರು. ಒಂದು ಎಲೆ ಕಿತ್ತು, ಮಗುಚಿ, ಬೆಳಕಿಗೆ ಹಿಡಿದು, "ಬೂಜು ಶುರುವಾಗಿದೆ. ಔಷಧಿ ಲೇಟಾಗಿ ಹೊಡ್ದಿದಾರೆ" ಎಂದರು. ದನಿ ಗಟ್ಟಿಯಾಗಿತ್ತು, ಸ್ಪಷ್ಟವಾಗಿತ್ತು. ಆಂಟಿ ಅವರ ಮುಂದೆ ಹೋಗಿ ನಿಂತು, "ರೀ, ಇದು ಯಾವ ಜಾಗ ಹೇಳಿ?" ಎಂದರು. ಅಂಕಲ್ ಎಲೆಯನ್ನು ಜೇಬಿಗೆ ಹಾಕಿಕೊಂಡು, "ಮನೆಗೆ ಹೋಗೋಣ" ಅಂದರು. ಆಮೇಲೆ ಎಷ್ಟು ಕೇಳಿದರೂ ಅದೊಂದೇ ಮಾತು. ಆಂಟಿಯ ಮುಖ ಆಗ ಹೇಗಾಯಿತೋ ನಾನು ನೋಡಲಿಲ್ಲ, ನೋಡಬಾರದು ಅನ್ನಿಸಿತು.

ಮಧ್ಯಾಹ್ನ ಫೆರಿ ಕಟ್ಟೆಯ ಹತ್ತಿರ ಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದೆವು. ಒಂದು ಗಂಟೆಗೆ ಆಂಟಿ ಎದ್ದರು. ಪರ್ಸು, ಫೋನು ಎಲ್ಲ ನನ್ನ ಪಕ್ಕದಲ್ಲಿಟ್ಟರು.

"ಒಂದರ್ಧ ಗಂಟೆ ಆ ಕಡೆ ತೋಟ ನೋಡ್ಕೊಂಡು ಬರ್ತೀನಿ ಕಣೆ. ಇವರನ್ನ ನೋಡ್ಕೋ."

ಅರ್ಧ ಗಂಟೆ ಆಯಿತು, ಒಂದು ಗಂಟೆ ಆಯಿತು. ಅಂಕಲ್ ನನ್ನ ತೋಳು ಹಿಡಿದಿದ್ದರು. ನಾನು ಕೈ ಬದಲಿಸಿದರೆ ಆ ಕೈ ಹಿಡಿಯುತ್ತಿದ್ದರು. "ಅವಳೆಲ್ಲಿ?" ಎನ್ನುವರು. ಈಗ ಬರ್ತಾರೆ ಅಂದರೆ ತಲೆಯಾಡಿಸಿ, ಒಂದು ನಿಮಿಷದ ಮೇಲೆ ಮತ್ತೆ, "ಅವಳೆಲ್ಲಿ?" ನಾನು ರೆಸ್ಟ್‌ರೂಮಿಗೆ ಹೋದೆ, ಹೊರಗಿನಿಂದ ಬಾಗಿಲು ಬಡಿಯುತ್ತ ನಿಂತರು. ಆಂಟಿಯನ್ನು ಹುಡುಕೋಣವೆಂದರೆ ಅಂಕಲ್ ಬೆಂಚು ಬಿಟ್ಟು ಏಳುವುದಿಲ್ಲ. ಅವರನ್ನು ಒಬ್ಬರನ್ನೇ ನೀರಿನ ಪಕ್ಕ ಬಿಟ್ಟು ನಾನು ಹೋಗುವಂತಿಲ್ಲ. ಮೂರು ಗಂಟೆಯ ಹೊತ್ತಿಗೆ ನನಗೆ ಕಿರುಚಬೇಕು ಅನ್ನಿಸುತ್ತಿತ್ತು. ನಾನು ಅಲ್ಲಿ ಕೂತು ಆಗಿನ್ನೂ ಎರಡು ಗಂಟೆ ಅಷ್ಟೆ.

ಕೊನೆಯ ಫೆರಿ ನಾಲ್ಕೂವರೆಗೆ. ಒಮ್ಮೆ ಹಾರ್ನ್ ಹೊಡೆದ, ಇನ್ನೊಮ್ಮೆ ಹೊಡೆದ. ಹತ್ತುವವರೆಲ್ಲ ಹತ್ತಿದರು. ಹಗ್ಗ ಬಿಚ್ಚುವವನು ನನ್ನ ಕಡೆ ನೋಡಿದ. ಇನ್ನೊಬ್ಬರು ಬರಬೇಕು ಎಂದೆ. ಐದು ನಿಮಿಷ ಕಾದ, ಪಾಪ. ಆಮೇಲೆ ಹೊರಟುಹೋದ. ಫೆರಿ ಸಣ್ಣದಾಗುತ್ತ ಹೋಗುವುದನ್ನು ನೋಡುತ್ತ ಸೋಮವಾರ ಬೆಳಿಗ್ಗೆ ಹತ್ತು ಗಂಟೆಯನ್ನು ನೆನೆಸಿಕೊಂಡೆ. ಕಾಲ ಕೆಳಗಿನ ನೆಲ ಇಷ್ಟೇ ಇಷ್ಟು, ಸುತ್ತ ನೀರು.

ಇನ್ನೂ ಮುಕ್ಕಾಲು ಗಂಟೆಯ ಮೇಲೆ ಒಂದು ಪಿಕಪ್ ಟ್ರಕ್ ಬಂತು. ಓಡಿಸುತ್ತಿದ್ದವರು ತೋಟದ ಯಜಮಾನ, ಅಂಕಲ್ ವಯಸ್ಸಿನವರೇ. ಪಕ್ಕದಲ್ಲಿ ಆಂಟಿ. ಕೂದಲಲ್ಲಿ ಹುಲ್ಲು, ಕೆನ್ನೆಯ ಮೇಲೆ ಹುಲ್ಲಿನ ಗೆರೆಗಳು. ಬಳ್ಳಿಸಾಲುಗಳ ನಡುವೆ ಮಲಗಿದ್ದರಂತೆ. ಬಿದ್ದಿದ್ದಾರೆ ಅಂದುಕೊಂಡು ಹೆದರಿ ಹತ್ತಿರ ಹೋದರೆ ಗೊರಕೆ ಕೇಳಿಸಿತು ಎಂದು ಯಜಮಾನ ಹೇಳಿದರು.

"ಆಂಟಿ, ಫೆರಿ ಹೊರಟುಹೋಯ್ತು! ನಾಳೆ ನನ್ನ ಇಂಟರ್‌ವ್ಯೂ ಇದೆ, ಗೊತ್ತಲ್ವಾ ನಿಮಗೆ?"

"ಗೊತ್ತು."

"ನಿದ್ದೆ ಬಂದ್ಬಿಡ್ತು ಅಂತೀರಾ?"

ಅವರು ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅನ್ನಲಿಲ್ಲ.

"ಮೊದಲು ನಿದ್ದೆ ಬಂತು, ನಿಜ. ಆದ್ರೆ ಹಾರ್ನ್ ಕೇಳಿಸ್ತು ಪುಟ್ಟಿ. ಕಣ್ಣು ಬಿಟ್ಟೆ. ಎದ್ದು ಓಡಿದ್ರೆ ಸಿಗ್ತಿತ್ತು. ನಿನ್ನ ಇಂಟರ್‌ವ್ಯೂನೂ ನೆನಪಾಯ್ತು. ಮತ್ತೆ ಕಣ್ಣು ಮುಚ್ಕೊಂಡೆ."

ಅಂಕಲ್ ನನ್ನ ತೋಳು ಬಿಟ್ಟು ಅವರ ಸ್ವೆಟರಿನ ತುದಿ ಹಿಡಿದುಕೊಂಡರು.

ಆ ರಾತ್ರಿ ಯಜಮಾನರ ಮನೆಯಲ್ಲೇ ಉಳಿದೆವು. ಅಂಕಲ್ ಹೆಸರು ಕೇಳಿದ ಕೂಡಲೇ ಅವರಿಗೆ ಗುರುತು ಸಿಕ್ಕಿತು, ಅಂಕಲ್‌ಗೆ ಸಿಗಲಿಲ್ಲ. ಬೆಳಿಗ್ಗೆ ಮೊದಲ ಫೆರಿಯಿಂದಲೇ ಕಂಪನಿಗೆ ಫೋನ್ ಮಾಡಿದೆ. ವಿಡಿಯೋ ಆಗಲ್ಲ, ಇವತ್ತೇ ತೀರ್ಮಾನ ಆಗಬೇಕು ಎಂದರು. ಆ ಕೆಲಸ ಹೋಯಿತು.

ಏಳು ಗಂಟೆಯ ದಾರಿಯಲ್ಲಿ ನಾನು ಒಂದು ಮಾತೂ ಆಡಲಿಲ್ಲ. ಆಮೇಲೆ ಒಂಬತ್ತು ದಿನವೂ ಆಡಲಿಲ್ಲ. ಉಪ್ಪಿಟ್ಟಿನ ತಟ್ಟೆ ಬರುತ್ತಿತ್ತು, ಮುಟ್ಟದೆ ಬಿಡುತ್ತಿದ್ದೆ. ಮರುದಿನ ಮತ್ತೆ ಬರುತ್ತಿತ್ತು. ಹತ್ತನೇ ದಿನ ಆಂಟಿಯೇ ಮೆಟ್ಟಿಲ ಮೇಲೆ ಕೂತಿದ್ದರು, ಮೇಲಿನ ಮೆಟ್ಟಿಲಲ್ಲಿ ಅಂಕಲ್.

"ನಿನ್ನ ಕೆಲಸ ನಾನು ಕಳೆದೆ. ನೀನು ಬೈಯಬೇಕು, ಬೈ. ಆದ್ರೆ ಅವತ್ತು ಎದ್ದು ಬಂದಿದ್ರೆ ಚೆನ್ನಾಗಿತ್ತು ಅಂತ ಸುಳ್ಳು ಹೇಳಕ್ಕೆ ನನ್ನ ಕೈಲಿ ಆಗಲ್ಲ. ಮೂರು ವರ್ಷದಲ್ಲಿ ನಾನು ನಿದ್ದೆ ಅಂತ ಮಾಡಿದ್ದು ಅದೊಂದೇ."

ನನಗೆ ಬೆಂಚಿನ ಮೇಲಿನ ಆ ಮಧ್ಯಾಹ್ನ ನೆನಪಾಯಿತು. ಶನಿವಾರ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಕಲ್ ಜೊತೆ ನಾನು ಕೂತ್ಕೋತೀನಿ ಎಂದೆ. ಅವರು ಎಂದಿನಂತೆ "ಯಾಕೆ? ನಾನೇನು..." ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು. ಆ ಶನಿವಾರ ಮಲಗಿದರು. ಮುಂದಿನ ಶನಿವಾರವೂ ಮಲಗಿದರು. ಮೂರನೇ ಶನಿವಾರ ಲಿಪ್‌ಸ್ಟಿಕ್ ಹಚ್ಚಿಕೊಂಡು ಲೈಬ್ರರಿಗೆ ಹೋದರು.

ನನಗೆ ಐವತ್ತೆರಡನೇ ದಿನ ಬೇರೆ ಕಡೆ ಕೆಲಸ ಸಿಕ್ಕಿತು. ಸಿಗದೆಯೂ ಇರಬಹುದಿತ್ತು, ಸಿಕ್ಕಿತು ಎಂಬ ಕಾರಣಕ್ಕೆ ಅವರು ಮಾಡಿದ್ದು ಸರಿಯಾಗಿಬಿಡುವುದಿಲ್ಲ. ಆದರೆ ಅಲ್ಲಿಯವರೆಗೆ ನಾನು ಯಾರ ಬಳಿಯೂ "ನನ್ನ ಕೈಲಿ ಆಗ್ತಿಲ್ಲ" ಎಂದವಳಲ್ಲ. ಊರಿಗೆ ಫೋನ್ ಮಾಡಿದಾಗಲೆಲ್ಲ ಎಲ್ಲ ಸರಿಯಾಗಿದೆ ಅನ್ನುತ್ತಿದ್ದೆ. ಆಂಟಿಯನ್ನು ನೋಡಿದ ಮೇಲೆ ಅಮ್ಮನಿಗೆ ನಿಜ ಹೇಳಿದೆ. ಅಮ್ಮ ಅತ್ತಳು, ನಾನೂ ಅತ್ತೆ. ಅವತ್ತು ಮಲಗಿದವಳು ಬೆಳಗಾಗುವವರೆಗೆ ಏಳಲಿಲ್ಲ.

ಆಂಟಿ ಈ ವರ್ಷ ಮಾರ್ಚಿನಲ್ಲಿ ಹೋದರು. ಅಡುಗೆಮನೆಯಲ್ಲಿ ನಿಂತಿದ್ದವರು ಕುಸಿದರು; ಆಂಬುಲೆನ್ಸ್ ಬರುವಷ್ಟರಲ್ಲಿ ಮುಗಿದಿತ್ತು. ಅಂಕಲ್ ಉಳಿದುಕೊಂಡರು. ಫೋರ್ಟ್ ಮಿಲ್‌ನಲ್ಲಿರುವ ಮಗ ಬಂದು ಎಲ್ಲ ಮಾಡಿದ. ತಂದೆಯನ್ನು ಜೊತೆಗೇ ಕರೆದೊಯ್ಯಲು ಸಿದ್ಧನಾಗಿದ್ದ.

ಅಂತ್ಯಕ್ರಿಯೆ ನಡೆದ ಫ್ಯೂನರಲ್ ಹೋಮಿನಲ್ಲಿ ಒಬ್ಬೊಬ್ಬರೇ ಎದ್ದು ಮಾತಾಡಿದರು. ಎಲ್ಲರ ಮಾತೂ ಒಂದೇ: ಎಂಥ ಹೆಂಡತಿ, ಎಂಥ ಸೇವೆ, ಗಂಡನನ್ನು ಒಂದು ಗಳಿಗೆಯೂ ಬಿಟ್ಟಿರಲಿಲ್ಲ. ಮಗ ನನ್ನ ಕಡೆ ನೋಡಿ, "ಅಕ್ಕ, ನೀವೂ ಎರಡು ಮಾತು ಹೇಳಿ" ಎಂದ.

ಎದ್ದು ನಿಂತೆ. ಒಳ್ಳೆಯ ಎರಡು ಮಾತು ಹೇಳಿ ಕೂರಬಹುದಿತ್ತು. "ಒಂದು ದಿನ ಬಿಟ್ಟಿದ್ದರು" ಎಂದು ಶುರುಮಾಡಿ, ದ್ವೀಪದ ಕತೆಯನ್ನು ನಡೆದದ್ದು ನಡೆದ ಹಾಗೆ ಹೇಳಿದೆ. ಹಾರ್ನ್ ಕೇಳಿ ಮತ್ತೆ ಕಣ್ಣು ಮುಚ್ಚಿಕೊಂಡದ್ದನ್ನೂ ಹೇಳಿದೆ. ಮಗ ತಲೆ ತಗ್ಗಿಸಿದ. ತಪ್ಪು ಮಾಡಿದೆನೇನೋ ಎಂದುಕೊಂಡು ಬಂದು ಕೂತೆ.

ಎಲ್ಲ ಮುಗಿದು ಹೊರಗೆ ಕೋಟು ಹಾಕಿಕೊಳ್ಳುತ್ತಿದ್ದಾಗ, ನನಗೆ ಪರಿಚಯವಿಲ್ಲದ ವಯಸ್ಸಾದ ಹೆಂಗಸೊಬ್ಬರು ಹತ್ತಿರ ಬಂದರು. ಅವರ ಗಂಡ ಕಾರಿನಲ್ಲಿ ಕೂತು ಇತ್ತಲೇ ನೋಡುತ್ತ ಕಿಟಕಿ ಬಡಿಯುತ್ತಿದ್ದರು. ಆಕೆ ಆ ಕಡೆ ತಿರುಗದೆ, ನನ್ನ ಕೈ ಹಿಡಿದು, ಮೆಲ್ಲಗೆ ಕೇಳಿದರು:

"ಆ ದ್ವೀಪ ಎಲ್ಲಿದೆಯಮ್ಮ?"