ಅರ್ಥಧಾರಿಗೆ ಉಳಿದ ಒಂದು ಪದ

ಫಳ್ನೀರಿನ ನನ್ನ ಕ್ಲಿನಿಕ್ಕಿಗೆ ಹೆಸರುವಾಸಿಗಳು ಬರುವುದು ಹೊಸತಲ್ಲ. ನಾನು ವಾಕ್ ಚಿಕಿತ್ಸಕಿ. ಮಾತು ಕೆಟ್ಟವರು ದೊಡ್ಡವರಾಗಲಿ ಚಿಕ್ಕವರಾಗಲಿ, ನನ್ನಂಥವರ ಬಾಗಿಲು ತಟ್ಟಲೇಬೇಕು. ಚುನಾವಣೆಯ ಪ್ರಚಾರದಲ್ಲಿ ಗಂಟಲು ಹರಿದುಕೊಂಡ ನಾಯಕರೊಬ್ಬರು ನನ್ನೆದುರು ಕುಳಿತು, ನೀರಿನ ಲೋಟದೊಳಗೆ ಕೊಳವೆ ಇಟ್ಟು ಗುಳ್ಳೆ ಊದುವ ಅಭ್ಯಾಸ ಮಾಡಿದ್ದಾರೆ. ದೇಶಕ್ಕಾಗಿ ಓಡಿದ ಹುಡುಗಿಯೊಬ್ಬಳು, ಓಡುವಾಗ ಇಲ್ಲದ ಹೆದರಿಕೆ ಮೈಕಿನ ಮುಂದೆ ಬರುತ್ತದೆಂದು ನನ್ನ ಕೋಣೆಯಲ್ಲಿ ಅತ್ತಿದ್ದಾಳೆ. ಆಕಾಶದ ಲೆಕ್ಕ ಮಾಡುವ ವಿಜ್ಞಾನಿಯೊಬ್ಬರಿಗೆ ‘ರ’ಕಾರ ಹೊರಳುತ್ತಿರಲಿಲ್ಲ. ಇವರ ಹೆಸರುಗಳನ್ನು ನಾನು ಮನೆಯಲ್ಲೂ ಹೇಳಿದವಳಲ್ಲ. ಕೀರ್ತಿಯನ್ನು ಇಷ್ಟು ಹತ್ತಿರದಿಂದ ನೋಡಿ ನೋಡಿ ನನಗೆ ಅದರ ಬೆರಗು ಹೊರಟುಹೋಗಿದೆ ಎಂದೇ ತಿಳಿದಿದ್ದೆ. ತಾಳಮದ್ದಳೆಯ ಅರ್ಥಧಾರಿಗಳೊಬ್ಬರು ಬಂದ ಮೇಲೆ ಗೊತ್ತಾಯಿತು, ಹೋಗಿರಲಿಲ್ಲವೆಂದು.

ನಮ್ಮ ಕಡೆಯ ತಾಳಮದ್ದಳೆಯನ್ನು ನೋಡದವರಿಗೆ ಸ್ವಲ್ಪ ಹೇಳಬೇಕು. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪುರಾಣದ ಕಥೆಯೊಂದರ ಪದ್ಯ ಹಾಡುತ್ತಾರೆ. ಎದುರುಬದುರು ಕುಳಿತ ಅರ್ಥಧಾರಿಗಳು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆ ಪದ್ಯದ ಅರ್ಥ ಹೇಳುತ್ತ ವಾದಕ್ಕೆ ಇಳಿಯುತ್ತಾರೆ. ಬರೆದಿಟ್ಟ ಮಾತು ಒಂದೂ ಇಲ್ಲ. ಎದುರಿನವನು ಏನು ಕೇಳುತ್ತಾನೆಂದು ಗೊತ್ತಿಲ್ಲ, ಕೇಳಿದ ಕ್ಷಣಕ್ಕೆ ಉತ್ತರ ಹುಟ್ಟಬೇಕು. ಕರಾವಳಿಯಲ್ಲಿ ಇದರಲ್ಲಿ ಹೆಸರು ಮಾಡಿದವರನ್ನು ಜನ ಬಸ್ಸು ಹಿಡಿದು ಹೋಗಿ ಕೇಳುತ್ತಾರೆ.

ನಮ್ಮದು ವಾಮಂಜೂರಿನ ಕಡೆಯ ಕೊಂಕಣಿ ಮಾತಾಡುವ ಕ್ರೈಸ್ತರ ಮನೆ. ಅಮ್ಮ ನರ್ಸ್. ಮಧ್ಯಾಹ್ನದ ಪಾಳಿಗೆ ಹೋಗುವ ಮುಂಚೆ ಬಿಳಿ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತ ರೇಡಿಯೋದಲ್ಲಿ ತಾಳಮದ್ದಳೆ ಕೇಳುತ್ತಿದ್ದರು. ಕಥೆ ಅವರಿಗೆ ಅರ್ಧಂಬರ್ಧ ತಿಳಿಯುತ್ತಿತ್ತು, ಆ ಕನ್ನಡವಂತೂ ಇನ್ನೂ ಕಡಿಮೆ. ಆದರೂ ಒಂದು ಧ್ವನಿ ಬಂದ ಕೂಡಲೇ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಸುಮ್ಮನಾಗುತ್ತಿದ್ದರು. ಎಂತ ಹೇಳಿದ್ದು ಅವರು ಎಂದು ನಾನು ಕೇಳಿದರೆ, ಗೊತ್ತಿಲ್ಲ, ಆದರೆ ಅವರು ಹೇಳುವುದು ಸರಿ ಅಂತ ಕಾಣ್ತದೆ ಎನ್ನುತ್ತಿದ್ದರು. ಆ ಧ್ವನಿಯವರೇ ನನ್ನ ಕ್ಲಿನಿಕ್ಕಿಗೆ ಬಂದದ್ದು.

ಒಂದು ಮಳೆಗಾಲದ ಕೊನೆಯಲ್ಲಿ ಅವರ ಮಗಳು ಅವರನ್ನು ಕಾವೂರಿನಿಂದ ಕಾರಿನಲ್ಲಿ ಕರೆತಂದಳು. ಎಪ್ಪತ್ತು ದಾಟಿದ ವಯಸ್ಸು. ಪಾರ್ಶ್ವವಾಯು ಬಲಗೈಯನ್ನು ಸ್ವಲ್ಪ ಎಳೆದಿತ್ತು, ಕಾಲು ಪರವಾಗಿಲ್ಲ. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಹೆಗಲಿಗೆ ಶಾಲು. ಸಭೆಗೆ ಬಂದವರಂತೆ ಬಂದು ನನ್ನೆದುರು ಕುಳಿತರು. ನಾನು ಎದ್ದು ನಿಂತಿದ್ದೆ. ಕುಳಿತುಕೊಳ್ಳಿ ಎಂದು ಅವರೇ ಎಡಗೈಯಿಂದ ಸನ್ನೆ ಮಾಡಿದರು.

ಒಂದು ಲೋಟದ ಚಿತ್ರ ತೋರಿಸಿ, ಇದು ಎಂತ ಅಂತ ಕೇಳಿದೆ. ಅವರು ಚಿತ್ರ ನೋಡಿದರು, ನನ್ನನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು.

“ಅಂದರೆ,” ಎಂದರು.

ನಾನು ಕಾದೆ. ಮುಂದೆ ಏನೂ ಬರಲಿಲ್ಲ. ಬೀಗದಕೈಯ ಚಿತ್ರ ತೋರಿಸಿದೆ. “ಅಂದರೆ.” ಮಗಳ ಹೆಸರು ಕೇಳಿದೆ. ಮಗಳು ಪಕ್ಕದಲ್ಲೇ ಇದ್ದಳು. ಅವರು ಅವಳತ್ತ ತಿರುಗಿ, ಬಾಯಿ ತೆರೆದು, ಬಹಳ ಹೊತ್ತು ಹುಡುಕಿ, ಮೆಲ್ಲಗೆ ಅದನ್ನೇ ಹೇಳಿದರು.

ಇದು ನಾನು ಓದಿದ ವಿಷಯವೇ. ಮಿದುಳಿನಲ್ಲಿ ಮಾತಿನ ಜಾಗಕ್ಕೆ ಪೆಟ್ಟು ಬಿದ್ದಾಗ ಕೆಲವರಿಗೆ ಒಂದೇ ಒಂದು ಪದ ಉಳಿಯುತ್ತದೆ, ಏನು ಹೇಳಹೊರಟರೂ ಅದೇ ಹೊರಗೆ ಬರುತ್ತದೆ. ಕೇಳಿದ್ದೆಲ್ಲ ಅರ್ಥವಾಗುತ್ತದೆ, ಹೇಳಬೇಕಾದದ್ದು ತಲೆಯಲ್ಲಿ ಇರುತ್ತದೆ, ದಾರಿ ಮಾತ್ರ ಕಡಿದಿರುತ್ತದೆ. ಒಬ್ಬರಿಗೆ ಬೈಗುಳ ಉಳಿದದ್ದನ್ನು ನೋಡಿದ್ದೇನೆ, ಮತ್ತೊಬ್ಬರಿಗೆ ಹೆಂಡತಿಯ ಹೆಸರು. ಇವರಿಗೆ ಉಳಿದದ್ದು, ಪದ್ಯ ಮುಗಿದ ಮೇಲೆ ಅರ್ಥ ಶುರುಮಾಡಲು ಜೀವಮಾನವಿಡೀ ಬಳಸಿದ ಆ ಒಂದು ಪದ. ಬಾಗಿಲಿದೆ, ಅದರ ಹಿಂದೆ ಮನೆಯಿಲ್ಲ ಎಂಬಂತೆ.

ಅವತ್ತು ಅವರು ಹೋದ ಮೇಲೆ ನಾನು ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ಜೋಡಿಸಿಟ್ಟೆ. ನನ್ನ ಕನ್ನಡ ಶಾಲೆಯಲ್ಲಿ ಕಲಿತದ್ದು. ಅಡುಗೆಮನೆಯಲ್ಲಿ, ಪ್ರಾರ್ಥನೆಯಲ್ಲಿ, ಕನಸಿನಲ್ಲಿ ನನ್ನದು ಕೊಂಕಣಿ. ಸಾವಿರಾರು ಜನರನ್ನು ಕನ್ನಡದಿಂದ ಹಿಡಿದು ಕೂರಿಸಿದವರಿಗೆ ‘ಲೋಟ’ ಎಂದು ಹೇಳಿಕೊಡಬೇಕಾದವಳು ನಾನಾಗಿದ್ದೆ.

ಅವರು ವಾರಕ್ಕೆರಡು ಸಲ ಬರುತ್ತಿದ್ದರು. ಮುಂದೆ ನಡೆದದ್ದರಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಮೊದಲು ಅವರ ಪಾಂಡಿತ್ಯವಲ್ಲ, ಅವರು ನಾಚಿಕೊಳ್ಳದ ರೀತಿ. ಇವರಿಗಿಂತ ಎಷ್ಟೋ ಕಡಿಮೆ ಹೆಸರಿನವರು ಚಿತ್ರದ ಕಾರ್ಡುಗಳನ್ನು ನೋಡಿ, ನಾನೇನು ಮಗುವಾ ಎಂದು ಮೇಜಿನಿಂದ ತಳ್ಳಿದ್ದಾರೆ. ಇವರು ಪ್ರತಿ ಕಾರ್ಡನ್ನೂ ಎಡಗೈಯಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಅದರ ಹೆಸರನ್ನು ಯಾವುದೋ ಆಳದ ಬಾವಿಯಿಂದ ಸೇದುವವರಂತೆ ಕಣ್ಣು ಮುಚ್ಚುತ್ತಿದ್ದರು. ಕೊಡ ಖಾಲಿ ಬಂದರೆ ಇನ್ನೊಮ್ಮೆ. ಹಣೆಯಲ್ಲಿ ಬೆವರು ಕೂಡುತ್ತಿತ್ತು. ಸಾಕು ಎಂದರೆ ತಲೆ ಅಲ್ಲಾಡಿಸುತ್ತಿದ್ದರು.

ಆ ಒಂದು ಪದದಿಂದಲೇ ಅವರು ಎಷ್ಟೆಲ್ಲ ಕೆಲಸ ಮಾಡಿಸುತ್ತಿದ್ದರು ಎಂಬುದು ಬೇರೆ ವಿಷಯ. ಚಾ ತಣ್ಣಗಾದರೆ ಒಂದು ‘ಅಂದರೆ’, ನಾನು ತಡವಾಗಿ ಬಂದರೆ ಇನ್ನೊಂದು. ಒಮ್ಮೆ ಮಗಳು ಅವರ ಬಗ್ಗೆ ನನ್ನ ಹತ್ತಿರ ದೂರು ಹೇಳುತ್ತಿದ್ದಾಗ ಅವರು ಎಷ್ಟು ಗಂಭೀರವಾಗಿ, ಎಷ್ಟು ತುಂಟತನದಿಂದ ಅದನ್ನು ಹೇಳಿದರೆಂದರೆ ನಾವಿಬ್ಬರೂ ನಕ್ಕುಬಿಟ್ಟೆವು. ಅವರೂ ನಕ್ಕರು. ನಗು ಪೂರ್ತಿ ಉಳಿದಿತ್ತು.

ಚಳಿಗಾಲದ ಹೊತ್ತಿಗೆ ಲೋಟ ಬಂತು, ನೀರು ಬಂತು, ಮಗಳ ಹೆಸರು ಬಂತು. ವಾಕ್ಯ ಮಾತ್ರ ಕೂಡಿಬರಲಿಲ್ಲ. ವಾಕ್ಯದ ಕೊನೆಯ ಪದವನ್ನು ಬಿಟ್ಟು ನಾನು ಹೇಳುವುದು, ಅದನ್ನು ಅವರು ತುಂಬುವುದು ಎಂಬ ಅಭ್ಯಾಸವೊಂದಿದೆ. ನನ್ನ ವಾಕ್ಯಗಳೋ, “ನಾನು ಬಸ್ಸಿನಲ್ಲಿ ಪೇಟೆಗೆ…” ಎಂಬಂಥವು. ಅವರು ಆ ವಾಕ್ಯವನ್ನು ಬಹಳ ಮರ್ಯಾದೆಯಿಂದ ಕೇಳಿಸಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು. ಬೇರೆ ಯಾರಾದರೂ ಬೇಕು ಎಂದು ನನಗನ್ನಿಸಿತು. ಅವರ ಜೊತೆ ಅರ್ಥ ಹೇಳುತ್ತಿದ್ದವರು ಯಾರಾದರೂ ಬರಬಹುದೇ ಎಂದು ಮಗಳನ್ನು ಕೇಳಿದೆ.

ಮಗಳು ಹಿಂಜರಿದಳು. ಬರಬಹುದಾದವರು ಒಬ್ಬರೇ ಇದ್ದಾರೆ, ಆದರೆ ಅಪ್ಪನಿಗೂ ಅವರಿಗೂ ಸ್ಟೇಜಿನಲ್ಲಿ ಆಗಿಬರುವುದಿಲ್ಲ ಎಂದಳು. ಮೂವತ್ತು ವರ್ಷದಿಂದ ಇವರ ಎದುರಿಗೆ ಕುಳಿತು ವಾದಿಸಿದ ಎದುರಾಳಿ, ಇವರಷ್ಟೇ ಹೆಸರಿನವರು. ಇವರು ಸಂಧಾನಕ್ಕೆ ಬಂದ ರಾಯಭಾರಿಯಾದರೆ ಅವರು ಸಂಧಾನ ಬೇಡವೆನ್ನುವ ರಾಜ. ಇಬ್ಬರಲ್ಲಿ ಯಾರು ಹೆಚ್ಚು ಎಂಬ ಚರ್ಚೆ ಊರಿನ ಹೋಟೆಲುಗಳಲ್ಲಿ ಇನ್ನೂ ಮುಗಿದಿರಲಿಲ್ಲ.

ಅವರು ಫೋನಿನಲ್ಲಿ ಒಂದು ಮಾತೂ ಕೇಳದೆ ಮರುದಿನವೇ ಬಂದರು ಎಂದು ಹೇಳಿದರೆ ನಂಬುವುದು ಕಷ್ಟ, ಆದರೆ ನಾನೇ ಬಾಗಿಲು ತೆಗೆದದ್ದು. ಎತ್ತರದ, ದಪ್ಪ ಹುಬ್ಬಿನ ಮನುಷ್ಯ. ಗೆಳೆಯನನ್ನು ನೋಡಿ ನಿಂತಲ್ಲೇ ನಿಂತರು. ಸಮಾಧಾನದ ಮಾತು ಆಡಲಿಲ್ಲ. ಕುರ್ಚಿಯನ್ನು ಎಳೆದು, ವೇದಿಕೆಯಲ್ಲಿ ಕೂರುವಷ್ಟೇ ದೂರದಲ್ಲಿ, ಎದುರಿಗೆ ಹಾಕಿಕೊಂಡು ಕುಳಿತರು. ನನ್ನನ್ನು ಕೇಳಿದರು:

“ಡಾಕ್ಟ್ರೇ, ನಾನು ಎಂತ ಮಾಡ್ಬೇಕು?”

ನಾನು ಡಾಕ್ಟರಲ್ಲ ಎಂದು ಹೇಳಿ, ಕೊನೆಯ ಪದ ಬಿಡುವ ಕ್ರಮವನ್ನು ವಿವರಿಸಿದೆ. ಅವರು ತಲೆದೂಗಿದರು.

“ಅಂದ್ರೆ ನಾನು ಸೋಲ್ಬೇಕು. ಪ್ರತಿ ಸಲ. ಅಷ್ಟೇ ಅಲ್ವಾ? ಅದು ಸ್ವಲ್ಪ ಕಷ್ಟ ಉಂಟು, ಆದ್ರೂ ಆಗ್ತದೆ.”

ಮತ್ತೆ ಅವರು ಶಾಲು ಸರಿಮಾಡಿಕೊಂಡು, ರಾಜನಾಗಿ ಮಾತು ಆರಂಭಿಸಿದರು. ನನ್ನ ಸಣ್ಣ ಕೋಣೆಯ ಗಾಳಿ ಬದಲಾಯಿತು. ಕಾಯುವ ಜಾಗದಲ್ಲಿದ್ದವರು ಮಾತು ನಿಲ್ಲಿಸಿದ್ದು ನನಗೆ ಕೇಳಿಸಿತು. ರಾಯಭಾರಿಯ ಬಂಧುತ್ವವನ್ನು ಹಂಗಿಸಿದರು, ಹೊಗಳಿದರು, ಸುತ್ತಿ ಸುತ್ತಿ ಒಂದು ಮಾತಿನ ತುದಿಗೆ ತಂದು ಅಲ್ಲಿ ನಿಲ್ಲಿಸಿದರು. ಗೆದ್ದುಬಿಡಬಹುದಾದ ಪದ ಅವರ ತುಟಿಯ ಮೇಲಿತ್ತು. ಅದನ್ನು ನುಂಗಿ, ಹುಬ್ಬೆತ್ತಿ ಕಾದರು. ಅಷ್ಟು ದೊಡ್ಡ ಮಾತುಗಾರ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ಮೂವತ್ತು ವರ್ಷದಲ್ಲಿ ಯಾರೂ ನೋಡಿರಲಿಕ್ಕಿಲ್ಲ.

“ಧರ್ಮ,” ಎಂದರು ನಮ್ಮ ಅರ್ಥಧಾರಿಗಳು. ಸ್ಪಷ್ಟವಾಗಿ. ರೇಡಿಯೋದಲ್ಲಿ ಅಮ್ಮ ಕೇಳುತ್ತಿದ್ದ ಅದೇ ಧ್ವನಿಯಲ್ಲಿ.

ಮಗಳು ಮುಖ ತಿರುಗಿಸಿಕೊಂಡಳು. ಎದುರಾಳಿ ಏನೂ ಆಗದವರಂತೆ ಮುಂದಿನ ಮಾತಿಗೆ ಹೋದರು.

ಆಮೇಲೆ ಅವರು ವಾರಕ್ಕೊಮ್ಮೆ ಬಂದರು. ನನ್ನ ಕಾರ್ಡುಗಳಿಗೆ ಬಾರದ ಪದಗಳು ಆ ವಾದಕ್ಕೆ ಬರುತ್ತಿದ್ದವು. ಎರಡು ಪದ, ಕೆಲವೊಮ್ಮೆ ಮೂರು. ಬೇಸಿಗೆಯಲ್ಲಿ ವಾಮಂಜೂರಿನ ಒಂದು ಕಾಲೇಜಿನವರು ತಾಳಮದ್ದಳೆ ಇಟ್ಟುಕೊಂಡು ಎದುರಾಳಿಯನ್ನು ಕರೆದಾಗ, ಎದುರಿಗೆ ಇವರು ಕುಳಿತರೆ ಮಾತ್ರ ಬರ್ತೇನೆ ಎಂದರಂತೆ. ನಾನು ಬೇಡವೆಂದೆ. ಜನರೆದುರು ಸಿಕ್ಕಿಹಾಕಿಕೊಂಡರೆ ಇಷ್ಟು ದಿನ ಕಟ್ಟಿದ್ದು ಬಿದ್ದುಹೋಗುತ್ತದೆ ಎಂಬ ಭಯ ನನಗಿತ್ತು. ಅರ್ಥಧಾರಿಗಳು ನನ್ನ ಮಾತನ್ನೆಲ್ಲ ಕೇಳಿ, ಎಡಗೈಯನ್ನು ಮೇಜಿನ ಮೇಲಿಟ್ಟು ಹೇಳಿದರು: “ಕೂರ್ತೇನೆ.”

ಸಭಾಂಗಣ ತುಂಬಿತ್ತು. ಗೋಡೆಗೆ ಒರಗಿ ನಿಂತವರೂ ಇದ್ದರು. ಅವರ ಸ್ಥಿತಿ ಎಲ್ಲರಿಗೂ ಗೊತ್ತಿತ್ತು. ನಾನು ಮುಂದಿನ ಸಾಲಿನಲ್ಲಿ, ಪರೀಕ್ಷೆಗೆ ಮಕ್ಕಳನ್ನು ಕಳಿಸಿದ ತಾಯಿಯಂತೆ ಕುಳಿತಿದ್ದೆ. ಭಾಗವತರು ಪದ್ಯ ಮುಗಿಸಿದರು. ರಾಜನ ಪ್ರಶ್ನೆ ಬಂತು: ಯಾವ ಕಾರ್ಯಕ್ಕಾಗಿ ನಮ್ಮ ಸಭೆಗೆ ಬಂದೆ? ಇದಕ್ಕೆ ನಾವು ಅಭ್ಯಾಸ ಮಾಡಿದ್ದ ಉತ್ತರ ‘ಶಾಂತಿಗಾಗಿ’ ಎಂಬುದು. ಎಷ್ಟೋ ಸಲ ಸರಿಯಾಗಿ ಬಂದಿತ್ತು.

ಅವರು ಬಾಯಿ ತೆರೆದರು. ಬರಲಿಲ್ಲ. ಕಣ್ಣು ಮುಚ್ಚಿದರು. ಎದುರಾಳಿ ಕಾದರು. ಮದ್ದಳೆಯವರು ಕೈಯೆತ್ತಿದವರು ಹಾಗೇ ಉಳಿದರು. ಅಷ್ಟು ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಮಾತು ಕೇಳಲು ಬಂದ ಜನ ಮೌನವನ್ನು ಹಾಗೆ ಹಿಡಿದುಕೊಂಡದ್ದನ್ನು ನಾನು ನಮ್ಮ ಇಗರ್ಜಿಯ ಪ್ರಾರ್ಥನೆಯಲ್ಲಿ ಮಾತ್ರ ನೋಡಿದ್ದೆ.

“ಊಟಕ್ಕೆ,” ಎಂದರು ಅವರು.

ತಪ್ಪಿತು ಎಂದುಕೊಂಡೆ. ಬೇಕಾದ ಪದದ ಬದಲು ಬೇರೆ ಪದ ಬರುವುದು ಈ ಕಾಯಿಲೆಯ ಮಾಮೂಲು ಲಕ್ಷಣ. ಹಿಂದಿನ ಸಾಲಿನಲ್ಲಿ ಯಾರೋ ಸಣ್ಣಗೆ ನಕ್ಕು ನಿಲ್ಲಿಸಿದರು. ಆದರೆ ಎದುರಾಳಿಯ ಮುಖ ನೋಡಿದೆ. ಅವರ ಹುಬ್ಬು ನಿಧಾನವಾಗಿ ಮೇಲೇರುತ್ತಿತ್ತು. ಆ ಕಥೆ ತಿಳಿದವರಿಗೆಲ್ಲ ಗೊತ್ತು, ರಾಯಭಾರಿ ಅರಮನೆಯ ಊಟವನ್ನು ಬೇಡವೆಂದು ಬಡವನೊಬ್ಬನ ಮನೆಯಲ್ಲಿ ಉಂಡು ಬಂದವನು. ಅರಮನೆಯಲ್ಲಿ ಉಣ್ಣಲೊಲ್ಲದವನೇ ಈಗ ಊಟಕ್ಕೆ ಬಂದೆ ಎನ್ನುತ್ತಿದ್ದಾನೆ.

“ಊಟಕ್ಕೆ,” ಎಂದು ರಾಜ ಅದನ್ನೇ ಮೆಲ್ಲಗೆ ಹೇಳಿಕೊಂಡ. “ಹೌದು. ನಿನ್ನ ಕಡೆಯವರ ಪಾಲಿನ ಅನ್ನ ನನ್ನ ಬಟ್ಟಲಲ್ಲಿದೆ. ಅದನ್ನು ಶಾಂತಿ ಎಂದು ಕರೆದಿದ್ದರೆ ನಿನ್ನ ಜೊತೆ ನಾನು ದಿನವಿಡೀ ವಾದಿಸಬಹುದಿತ್ತು. ಊಟವೆಂದೆ. ಹಸಿದವನ ಎದುರು ಯಾವ ವಾದ ಹೂಡಲಿ?”

ಮೂವತ್ತು ವರ್ಷ ಸಂಧಾನ ಬೇಡವೆಂದು ಗರ್ಜಿಸಿದವರು ಅಷ್ಟು ಹೇಳಿ ತಲೆ ತಗ್ಗಿಸಿ ಕುಳಿತರು. ಚಪ್ಪಾಳೆ ಕೂಡಲೇ ಬರಲಿಲ್ಲ. ಬಂದ ಮೇಲೆ ಬೇಗ ನಿಲ್ಲಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ನನಗೆ ಕೇಳದಿರಲಾಗಲಿಲ್ಲ. ಊಟಕ್ಕೆ ಎಂದದ್ದು ಬಾಯಿತಪ್ಪಿಯೋ, ಬೇಕೆಂದೇ ಹೇಳಿದ್ದೋ? ಅವರು ನನ್ನನ್ನು ಬಹಳ ಪ್ರೀತಿಯಿಂದ ನೋಡಿದರು. ಎದುರಾಳಿಯನ್ನು ಕೇಳಿದೆ.

“ನನಗೆ ಗೊತ್ತಿಲ್ಲ ಮಾರಾಯ್ರೆ,” ಎಂದರು ಅವರು. “ಆದ್ರೆ ಅವ್ರು ಸರಿಯಾಗಿ ಇದ್ದಾಗಲೂ ಅವ್ರಿಗೆ ಅಷ್ಟು ಒಳ್ಳೆ ಪದ ಸಿಕ್ಕಿರ್ಲಿಲ್ಲ.”

ನಾನು ಇಪ್ಪತ್ತು ವರ್ಷಕ್ಕೂ ಮೀರಿ ಈ ಕೆಲಸದಲ್ಲಿದ್ದೇನೆ. ಮಾತು ತಪ್ಪಿದ್ದು ಯಾವುದು, ಹುಟ್ಟಿದ್ದು ಯಾವುದು ಎಂದು ಗುರುತಿಸುವುದೇ ನನ್ನ ವಿದ್ಯೆ. ಅವತ್ತಿನದು ಯಾವುದೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಅವರು ಮತ್ತೆ ಪೂರ್ಣ ಅರ್ಥಧಾರಿಯಾಗಲಿಲ್ಲ. ಆ ದಾರಿ ಅಷ್ಟು ದೂರ ಹೋಗುವುದಿಲ್ಲವೆಂದು ನನಗೂ ಅವರಿಗೂ ತಿಳಿದಿತ್ತು. ಈಗ ಸಣ್ಣ ವಾಕ್ಯಗಳಲ್ಲಿ ದಿನ ಸಾಗುತ್ತದೆ. ಸಂಜೆ ಕಾವೂರಿನ ಕೆರೆಯ ಸುತ್ತ ನಡೆಯುತ್ತಾರೆ, ಎದುರು ಸಿಕ್ಕವರಿಗೆ ಮಳೆ ಬರ್ತದೆ ಎನ್ನುತ್ತಾರೆ. ಎದುರಾಳಿ ತಿಂಗಳಿಗೊಮ್ಮೆ ಬಂದು ಸೋತು ಹೋಗುತ್ತಾರೆ.

ಚಿಕಿತ್ಸೆ ಮುಗಿದರೂ ಅವರು ಶನಿವಾರ ಬೆಳಿಗ್ಗೆ ನನ್ನಲ್ಲಿಗೆ ಬರುವುದನ್ನು ಬಿಟ್ಟಿಲ್ಲ. ಅಂದು ಮಾತು ಕಳೆದುಕೊಂಡವರೆಲ್ಲ ಒಟ್ಟಿಗೆ ಕೂರುತ್ತಾರೆ. ಮೊನ್ನೆ ಹೊಸಬರೊಬ್ಬರು ಬಂದರು. ಬಂದರಿನ ಹತ್ತಿರ ಅಂಗಡಿಯಿಟ್ಟವರು, ಬ್ಯಾರಿ ಮುಸ್ಲಿಮರು, ಗಲ್ಫಿನಲ್ಲಿ ದುಡಿದು ಬಂದವರು. ಬಾಯಿ ಪೂರ್ತಿ ಕಟ್ಟಿತ್ತು, ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎದುರಿಗೆ ಕುಳಿತಿದ್ದವರು ಯಾರೆಂದು ಅವರಿಗೆ ಗೊತ್ತಿರಲಿಕ್ಕಿಲ್ಲ, ನಾನೂ ಹೇಳಲಿಲ್ಲ. ಅರ್ಥಧಾರಿಗಳು ತಮ್ಮ ಕುರ್ಚಿಯನ್ನು ಎಡಗೈಯಿಂದ ಎಳೆದು ಅವರ ಹತ್ತಿರ ಹಾಕಿಕೊಂಡರು, ಮೇಜಿನ ಮೇಲೆ ಹಬೆಯಾಡುತ್ತಿದ್ದ ಎರಡು ಲೋಟದತ್ತ ಕೈ ತೋರಿಸಿ, ಹುಬ್ಬೆತ್ತಿ ಕಾದರು. ನಾನು ನಡುವೆ ಬಾಯಿ ಹಾಕಲಿಲ್ಲ. ಹೊರಗೆ ಬಸ್ಸುಗಳು ಹೋದವು, ಆಸ್ಪತ್ರೆಯ ಕಡೆಗೆ ಆಂಬುಲೆನ್ಸ್ ಒಂದು ಹೋಯಿತು. ಅವರು ಕಾಯುತ್ತಲೇ ಇದ್ದರು, ಅವಸರವೇ ಇಲ್ಲದೆ. ಬಹಳ ಹೊತ್ತಿನ ಮೇಲೆ ಅಂಗಡಿಯವರು ತಲೆಯೆತ್ತಿ ಅವರನ್ನು ನೋಡಿ, “ಚಾ,” ಎಂದರು.