ಪಿಳ್ಳಣ್ಣನವರ ಟೋಕನ್

ಪುಟ್ಟೇನಹಳ್ಳಿಯ ನಮ್ಮ ಬೀದಿಯ ಪಿಳ್ಳಣ್ಣ ಸೈನ್ಯದಲ್ಲಿ ಲಾರಿ ಓಡಿಸಿದವರು. ಹಿಮದಲ್ಲಿ ಓಡಿಸಿದ್ದಾರೆ, ಮರಳಿನಲ್ಲಿ ಓಡಿಸಿದ್ದಾರೆ. ನಿವೃತ್ತರಾದ ಮೇಲೆ ಮನೆಯ ಟೀವಿ ರಿಮೋಟ್ ಕೂಡ ಅವರ ಕೈಗೆ ಬರಲಿಲ್ಲ. ಅದು ಹೆಂಡತಿ ಯಲ್ಲಮ್ಮನವರ ವಶ.

ಸಕ್ಕರೆ ಕಾಯಿಲೆಯಿಂದ ಅವರ ಪಾದಗಳು ಮರಗಟ್ಟಿದ್ದವು. ಚಪ್ಪಲಿಯೊಳಗೆ ಸೇರಿದ ಜಲ್ಲಿಕಲ್ಲನ್ನು ದಿನವಿಡೀ ತುಳಿದುಕೊಂಡೇ ಓಡಾಡಿದರು. ನೆಲದ ಮೇಲೆ ರಕ್ತ ಕಂಡು ಯಲ್ಲಮ್ಮ ಕೂಗಿಕೊಂಡಾಗಲೇ ಗೊತ್ತಾದದ್ದು. ಹೆಬ್ಬೆರಳು ಕಪ್ಪಾಗತೊಡಗಿತು. "ತಡ ಮಾಡಿದ್ರೆ ಬೆರಳು ಹೋಗುತ್ತೆ" ಎಂದರು ಬೀದಿಯ ಡಾಕ್ಟರು. ದೊಡ್ಡ ಆಸ್ಪತ್ರೆಗೆ ಸೇರಲು ಮಾಜಿ ಸೈನಿಕರ ಕ್ಲಿನಿಕ್ಕಿನಿಂದ ಚೀಟಿ ಬೇಕಿತ್ತು. ಪಿಳ್ಳಣ್ಣ ಹೋದರು, ಬರಿಗೈಯಲ್ಲಿ ಬಂದರು. ಮತ್ತೆ ಹೋದರು, ಮತ್ತೆ ಹಾಗೇ ಬಂದರು.

"ಸರದಿ ಬರ್ಲಿಲ್ವಂತೆ. ನೀವಾದ್ರೂ ಜೊತೇಲಿ ಹೋಗಿ ಸಾರ್, ಬರೆಯೋದು ಬಿಟ್ರೆ ನಿಮಗೇನು ಕೆಲ್ಸ?" ಎಂದರು ಯಲ್ಲಮ್ಮ. ನನ್ನ ಸಾಹಿತ್ಯದ ಬಗ್ಗೆ ಬಂದ ಅತಿ ಚಿಕ್ಕ ವಿಮರ್ಶೆ. ಹೋದೆ.

ಕ್ಲಿನಿಕ್ಕಿನ ಗೋಡೆಯ ಮೇಲೆ 'ಎಲ್ಲ ದರ್ಜೆಯವರಿಗೂ ಒಂದೇ ಸಾಲು' ಎಂದಿತ್ತು. ಇನ್ನೇನು ನಮ್ಮ ಸರದಿ ಎನ್ನುವಾಗ ಬಿಳಿ ಮೀಸೆಯ ಮುದುಕರೊಬ್ಬರು ಒಳಗೆ ಬಂದರು. ಪಿಳ್ಳಣ್ಣ ಸಟಕ್ಕನೆ ಎದ್ದರು. "ನಮ್ಮ ಕರ್ನಲ್ ಸಾಹೇಬ್ರು" ಎಂದು ಪಿಸುಗುಟ್ಟಿ, ತಮ್ಮ ಟೋಕನ್ ಅವರ ಕೈಗಿಟ್ಟರು. ಬಂದೂಕನ್ನು ಸಿನಿಮಾದಲ್ಲಷ್ಟೇ ನೋಡಿರುವ ನಾನೂ ಎದ್ದು ನಿಂತಿದ್ದೆ.

"ಪಿಳ್ಳಣ್ಣೋರೇ, ಗೋಡೆ ಮೇಲೆ ಏನು ಬರ್ದಿದೆ ನೋಡಿ!"

"ಓದಿದೀನಿ ಸಾರ್. ಗೋಡೆ ಏನು ಸರ್ವೀಸ್ ಮಾಡಿದ್ಯಾ?"

ನಾನು ಕರ್ನಲ್ಲರಿಗೆ ಬೆರಳಿನ ವಿಷಯ ಹೇಳಿದೆ. ಅವರು ಬಗ್ಗಿ ಕಾಲು ನೋಡಿದರು. "ನಾನು ಬಿಪಿ ಮಾತ್ರೆಗೆ ಬಂದೋನು ಕಣಯ್ಯ. ನೀನು ಹೋಗು."

"ಇಲ್ಲ ಸಾಹೇಬ್, ತಾವು ಮೊದ್ಲು."

"ಡ್ರೈವರ್! ಒಳಗೆ ನಡಿ. ಆರ್ಡರ್ ಇದು."

ಪಿಳ್ಳಣ್ಣ ನೇರ ಒಳಗೆ ನಡೆದರು.

ಚೀಟಿ ಸಿಕ್ಕಿತು. ಬೆರಳು ಉಳಿಯಲಿಲ್ಲ. ಆಸ್ಪತ್ರೆಯಲ್ಲಿ, ನೋವಿದೆಯೇ ಎಂದು ಕೇಳಿದೆ.

"ಬೆರಳಿದ್ದಾಗ್ಲೇ ಇರ್ಲಿಲ್ಲ. ಈಗೆಲ್ಲಿಂದ ಬರುತ್ತೆ?" ಎಂದು ಫ್ಯಾನ್ ನೋಡುತ್ತ ಮಲಗಿದರು. ನಗಿಸುವುದು ನನ್ನ ಕಸುಬು. ನಾನೂ ಫ್ಯಾನ್ ನೋಡಿದೆ.

ಮುಂದಿನ ತಿಂಗಳು ಮತ್ತೆ ಕ್ಲಿನಿಕ್ಕಿಗೆ ಹೋದಾಗ ಯಲ್ಲಮ್ಮನೂ ಬಂದಿದ್ದರು. ಬಾಗಿಲು ತೆರೆಯಿತು. ಯಾರೋ ಸಾಹೇಬರು. ಪಿಳ್ಳಣ್ಣ ಎದ್ದು, ಸ್ವಲ್ಪ ವಾಲಿ, ನೆಟ್ಟಗೆ ನಿಂತು, ಅಭ್ಯಾಸದಂತೆ ಜೇಬಿಗೆ ಕೈ ಹಾಕಿದರು. ಜೇಬು ಖಾಲಿ. ಟೋಕನ್ ಯಲ್ಲಮ್ಮನವರ ಸೆರಗಿನ ಗಂಟಿನಲ್ಲಿತ್ತು.