ಹಾಲಣ್ಣನ ಕೊನೆಯ ಬಿಳಿ

ನನ್ನ ಅಣ್ಣನನ್ನು ಎಲ್ಲರೂ ಹಾಲಣ್ಣ ಅನ್ನುತ್ತಿದ್ದರು. ಅವನು ಹಾಲು ಮಾರುವವನಲ್ಲ, ಗೋಡೆಗೆ ಬಣ್ಣ ಬಳಿಯುವವನು. ಅದರಲ್ಲೂ ಬಿಳಿ. ಕೆಂಪು, ಹಸಿರು ಬೇಕೆಂದವರನ್ನು ನನ್ನ ಕಡೆಗೆ ತಳ್ಳಿ, ಅಡುಗೆಮನೆಗೆ ಬಿಳಿ ಬೇಕೆಂದವರ ಮನೆಗೆ ತಾನೇ ಹೋಗುತ್ತಿದ್ದ. "ಬಿಳಿಯಲ್ಲಿ ಆರಿಸೋದೇನಿದೆ? ಡಬ್ಬ ತೆಗಿ, ಬಳಿ" ಎಂದು ನಾನು ಶುರುವಿನಲ್ಲಿ ಅಂದದ್ದುಂಟು. "ಅನ್ನದಲ್ಲಿ ಬೇಯಿಸೋದೇನಿದೆ ಅಂದ ಹಾಗಾಯ್ತು" ಅಂದಿದ್ದ.

ಅವನ ಹತ್ತಿರ ಒಂದು ತಗಡಿನ ಪೆಟ್ಟಿಗೆ ಇತ್ತು. ಅದರಲ್ಲಿ ಅಂಗೈ ಅಗಲದ ನಲವತ್ತೊಂದು ರಟ್ಟು. ಒಂದೊಂದರ ಮೇಲೂ ಒಂದೊಂದು ಬಿಳಿ, ಹಿಂಬದಿಗೆ ಪೆನ್ಸಿಲ್ಲಿನಲ್ಲಿ ಹೆಸರು. ಕಂಪನಿಯವರು ಇಟ್ಟ ಹೆಸರಲ್ಲ, ಅವನೇ ಇಟ್ಟದ್ದು. ಹಸಿ ಹಾಲು, ಕಾಸಿದ ಹಾಲು, ಗಂಜಿ ತಿಳಿ, ಮೊಟ್ಟೆ ಸಿಪ್ಪೆ, ಮಗುವಿನ ಹಲ್ಲು, ಮುದುಕನ ಹಲ್ಲು, ಒಗೆದ ಬಟ್ಟೆ, ಒಗೆಯಬೇಕಾದ ಬಟ್ಟೆ. 'ಮನೆಯವಳ ಸಿಟ್ಟು' ಅಂತಲೂ ಒಂದಿತ್ತು. ಅತ್ತಿಗೆ ಓದು ಬಾರದವರು, ಆ ರಟ್ಟನ್ನು ನೋಡಿ "ಇದು ಎಷ್ಟು ತಂಪಾಗಿದೆ" ಅಂದಿದ್ದರು. ಅಣ್ಣ ಕೆಮ್ಮುತ್ತಾ ಹೊರಗೆ ಹೋದ.

ಗೋಡೆಯ ಮೇಲೆ ಅವನು ಯಾವತ್ತೂ ಮಾದರಿ ಬಳಿದವನಲ್ಲ. ಐದಾರು ರಟ್ಟು ಕೊಟ್ಟು, ಒಂದನ್ನು ಒಲೆಯ ಪಕ್ಕ, ಒಂದನ್ನು ಕಪಾಟಿನ ಬಾಗಿಲಿಗೆ ಒರಗಿಸಿ, ಒಂದನ್ನು ಕಿಟಕಿಯ ಕೆಳಗೆ ಇಡಲು ಹೇಳಿ ಬರುತ್ತಿದ್ದ. ಮೂರು ದಿನ. ಬೆಳಗಿನ ಬೆಳಕು, ಮಧ್ಯಾಹ್ನದ ಬಿಸಿಲು, ದೀಪ ಹಾಕಿದ ಮೇಲಿನ ಬೆಳಕು, ಮೂರರಲ್ಲೂ ನೋಡಬೇಕು. "ಎರಡು ಬಿಳಿ ಅಂದ್ರೆ ಇಬ್ಬರು ಓರಗಿತ್ತಿಯರಿದ್ದ ಹಾಗೆ. ಬೇರೆ ಬೇರೆ ಮನೆಯಲ್ಲಿದ್ರೆ ಇಬ್ಬರೂ ಚಿನ್ನ. ಒಂದೇ ಅಡುಗೆಮನೆಗೆ ತಂದು ನಿಲ್ಲಿಸು, ಒಬ್ಬಳು ಇನ್ನೊಬ್ಬಳ ಕೊಳೆ ತೋರಿಸ್ತಾಳೆ" ಎನ್ನುತ್ತಿದ್ದ. ನಿಜವೇ. ಗೋಡೆಗೆ ಹಸಿ ಹಾಲು ಬಳಿದು ಕಪಾಟಿಗೆ ಗಂಜಿ ತಿಳಿ ಬಳಿದರೆ, ಹೊಸ ಕಪಾಟು ಹತ್ತು ವರ್ಷದ ಜಿಡ್ಡು ಹಿಡಿದ ಹಾಗೆ ಕಾಣುತ್ತದೆ.

ಡಬ್ಬದ ಬಿಳಿಯನ್ನು ಹಾಗೇ ಬಳಿಯುತ್ತಲೂ ಇರಲಿಲ್ಲ. ಪೊರಕೆಯ ಕಡ್ಡಿಯನ್ನು ನೀಲಿ ಬಾಟಲಿಗೆ ಅದ್ದಿ ಒಂದು ಹನಿ, ಹೆಚ್ಚೆಂದರೆ ಎರಡು. ಕಲಕುವುದು. ಆಮೇಲೆ ಕಡ್ಡಿಯನ್ನು ಡಬ್ಬದ ಅಂಚಿಗೆ ಎರಡು ಸಲ ತಟ್ಟುವುದು. ಟಕ್, ಟಕ್. ಆ ಸದ್ದಾದರೆ ಬಣ್ಣ ಆಯಿತು ಎಂದರ್ಥ, ನಾನು ಬ್ರಷ್ ಎತ್ತಬೇಕು.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮೇಷ್ಟ್ರ ಮೇಲೆ ಸ್ಲೇಟು ಎಸೆದೆ, ಅವರು ನನ್ನನ್ನು ಎಸೆದರು. ಅಪ್ಪ ಇರಲಿಲ್ಲ. ನನಗಿಂತ ಹನ್ನೊಂದು ವರ್ಷ ದೊಡ್ಡವನಾದ ಅಣ್ಣನೇ ಕೈಗೆ ಬ್ರಷ್ ಕೊಟ್ಟು ಅನ್ನದ ದಾರಿ ತೋರಿಸಿದ. ನನಗೆ ಅವನಿಟ್ಟ ಹೆಸರು ಪಟಾಕಿ. ನಾನು ಸಿಡಿದಾಗೆಲ್ಲ ಅವನು ಮನೆಯವರ ಕ್ಷಮೆ ಕೇಳಿ ಮುಂದಿನ ಗೋಡೆಗೆ ಹೋಗುತ್ತಿದ್ದ. ಒಂದು ದಿನವೂ ನನ್ನ ಮೇಲೆ ದನಿ ಎತ್ತಲಿಲ್ಲ.

ಅವನಿಗೆ ಐವತ್ತೆಂಟು ನಡೆಯುವಾಗ ಒಂದು ದಿನ ಪೆಟ್ಟಿಗೆ ತೆರೆದವನು, "ಈ ರಟ್ಟೆಲ್ಲ ಹಳದಿ ತಿರುಗಿವೆಯಲ್ಲೋ" ಅಂದ. ನನಗೆ ಹಾಗೇನೂ ಕಾಣಲಿಲ್ಲ. ಅಂದಿನಿಂದ ಮನೆಯವರಿಗೆ ರಟ್ಟು ಕೊಟ್ಟರೂ, ಬೆರೆಸುವಾಗ ಅದನ್ನು ಪಕ್ಕದಲ್ಲಿಟ್ಟು ನೋಡುವುದು ಬಿಟ್ಟ. ಎಲ್ಲ ಕಣ್ಣಂದಾಜು. ಎರಡಿದ್ದ ನೀಲಿಯ ಹನಿ ಐದಾಯಿತು, ಒಂಬತ್ತಾಯಿತು. ಅದನ್ನು ಹಾಗೇ ಬಳಿದರೆ, ಒಣಗಿದ ಗೋಡೆಗೆ ಚಳಿಯಲ್ಲಿ ನಿಂತವನ ತುಟಿಯ ಬಣ್ಣ.

ಸಿಟ್ಟು ಬಂದರೆ ಎದುರಿಗಿರುವವರು ಯಾರೆಂದು ನೋಡುವವನಲ್ಲ ನಾನು. ಆದರೆ ಹಾಲಣ್ಣನಿಗೆ 'ನಿನ್ನ ಬಿಳಿ ಬಿಳಿಯಾಗಿಲ್ಲ' ಎನ್ನಲು ನಾಲಿಗೆ ಏಳಲಿಲ್ಲ. ಅದರ ಬದಲು ಒಂದು ಕಳ್ಳ ಕೆಲಸ ಶುರು ಮಾಡಿದೆ. ಅವನು ಕೈ ತೊಳೆಯಲು ಹೋದಾಗ ಡಬ್ಬಕ್ಕೆ ನಾಲ್ಕು ಹನಿ ಮಣ್ಣುಹಳದಿ ಬಿಟ್ಟು ಕಲಕಿಬಿಡುತ್ತಿದ್ದೆ. ಅವನು ಬಂದು ನೋಡಿ, "ಮತ್ತೆ ಕೆಟ್ಟಿತು" ಎಂದು ಇನ್ನೆರಡು ಹನಿ ನೀಲಿ. ನಾನು ಮತ್ತೆ ಹಳದಿ. ಒಂದು ವರ್ಷ ಹೀಗೇ ನಡೆಯಿತು. ಅವನು ಹಗ್ಗವನ್ನು ಆ ಕಡೆ ಎಳೆಯುತ್ತಿದ್ದ, ಇನ್ನೊಂದು ತುದಿಯಲ್ಲಿ ನಾನಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ. ಮನೆಯವರಿಗೆ ಮಾತ್ರ ಅವರು ಆರಿಸಿದ ಬಿಳಿಯೇ ಸಿಗುತ್ತಿತ್ತು.

ಆಮೇಲೆ ನರ್ಸಮ್ಮನ ಅಡುಗೆಮನೆ ಬಂತು. ಆಕೆ ದೊಡ್ಡ ಆಸ್ಪತ್ರೆಯಲ್ಲಿ ನರ್ಸು, ಒಂಟಿ ಹೆಂಗಸು, ಮಾತು ಸೂಜಿಯಷ್ಟೇ ಚೂಪು. ಗೋಡೆಗೂ ಕಪಾಟಿಗೂ ಒಂದೇ ಬಿಳಿ ಬೇಕೆಂದು 'ಕಾಸಿದ ಹಾಲು' ಆರಿಸಿದ್ದರು. ನಾನು ಎರಡು ದಿನ ಬೇರೊಂದು ಕೆಲಸಕ್ಕೆ ಹೋಗಿದ್ದೆ. ಮೂರನೇ ದಿನ ಬಂದು ಬಾಗಿಲಲ್ಲಿ ನಿಂತೆ. ಗೋಡೆ ನೀಲಿ, ಕಪಾಟು ನೀಲಿ, ಒಲೆಯ ಮೇಲಿನ ಉಗಿ ಕೂಡ ನೀಲಿಯಾಗಿ ಕಂಡಿತು. ಅಣ್ಣ ಮೂಲೆಯಲ್ಲಿ ಕೊನೆಯ ಕೈ ಎಳೆಯುತ್ತಾ, "ನೋಡೋ, ತುಂಬಾ ದಿನದ ಮೇಲೆ ಇವತ್ತು ಸರಿಯಾಗಿ ಬಂದಿದೆ" ಅಂದ.

ಅಷ್ಟೇ. ವರ್ಷದಿಂದ ಒಳಗೆ ತುಂಬಿಟ್ಟದ್ದೆಲ್ಲ ಹೊತ್ತಿಕೊಂಡಿತು.

"ಕಣ್ಣು ಹೋಗಿದೆಯೇನೋ ನಿನಗೆ? ಇದು ಬಿಳಿಯಾ? ಹೆಣದ ಬಣ್ಣ ಬಳಿದಿದ್ದೀಯ! ಒಂದು ವರ್ಷದಿಂದ ನಿನ್ನ ಬೆನ್ನ ಹಿಂದೆ ಹಳದಿ ಹಾಕಿ ಹಾಕಿ ನಿನ್ನ ಮಾನ ಕಾಪಾಡ್ತಾ ಇದ್ದೀನಿ, ಗೊತ್ತಾ?"

ನರ್ಸಮ್ಮ ಒಳಗಿನಿಂದ ಬಂದು ನಿಂತಿದ್ದರು. ಅಣ್ಣ ಅವರನ್ನು ನೋಡಿದ, ಗೋಡೆಯನ್ನು ನೋಡಿದ, ನನ್ನನ್ನು ನೋಡಲಿಲ್ಲ. ಬ್ರಷ್ಷನ್ನು ಬಟ್ಟೆಯಿಂದ ಒರೆಸಿದ. ಕಡ್ಡಿಯನ್ನು ಡಬ್ಬದ ಅಂಚಿಗೆ ತಟ್ಟಿದ, ಟಕ್, ಟಕ್. ಅದನ್ನು ಮುಚ್ಚಳದ ಮೇಲೆ ಅಡ್ಡಲಾಗಿ ಇಟ್ಟು ಮೆಟ್ಟಿಲಿಳಿದು ಹೋದ. ಆಮೇಲೆ ಅವನು ಬ್ರಷ್ ಹಿಡಿಯಲಿಲ್ಲ.

"ನಿಲ್ಲಯ್ಯ, ನಾನೊಂದು ಮಾತು..." ಎಂದು ನರ್ಸಮ್ಮ ಬಾಯಿ ತೆರೆದರು.

"ನೀವು ಸುಮ್ನಿರಿ ಅಮ್ಮ, ನಾನೆಲ್ಲ ಸರಿ ಮಾಡಿಕೊಡ್ತೀನಿ" ಅಂದೆ. ಕಣ್ಣಿಗೆ ಕಾಣುವುದನ್ನೆಲ್ಲ ಮತ್ತೆ ಬಳಿದೆ. ಅಣ್ಣ ಬಳಿದ ಮೇಲೆ ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದ ಮೇಲಿನ ಕಪಾಟುಗಳ ಹಿಂದೆ ಕೈ ಹೋಗಲಿಲ್ಲ. ಅಲ್ಲಿ ಯಾರು ನೋಡುತ್ತಾರೆ ಎಂದು ಬಿಟ್ಟೆ.

ಕಣ್ಣಿನಲ್ಲಿ ಪೊರೆ ಬಂದಿದೆ, ಅದಕ್ಕೇ ಲೋಕವೆಲ್ಲ ಹಳದಿ ಕಾಣುತ್ತಿದೆ ಎಂದು ಅಣ್ಣನಿಗೆ ಹೇಳಿದವರು ನರ್ಸಮ್ಮನೇ. ಅವರೇ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದರು. ಪಟ್ಟಿ ಬಿಚ್ಚಿದ ವಾರಕ್ಕೆ ಅವನು ಪೆಟ್ಟಿಗೆ ಹಿಡಿದು, ಹಿಂದಿನ ವರ್ಷ ತಾನು ಬಳಿದ ಅಡುಗೆಮನೆಗಳಿಗೆಲ್ಲ ಒಂದೊಂದಾಗಿ ಹೋದನಂತೆ. ಬಾಗಿಲು ತಟ್ಟಿ, "ಒಂದು ಸಲ ನೋಡಿ ಹೋಗ್ತೀನಿ" ಎಂದು ರಟ್ಟನ್ನು ಗೋಡೆಗೆ ಹಿಡಿದು ನೋಡುವುದು. ಎಲ್ಲ ಕಡೆಯೂ ಸರಿಯಾಗಿತ್ತು. ತಾನು ತಪ್ಪಾಗಿ ಬೆರೆಸಿದ್ದು ಅವನಿಗೆ ಗೊತ್ತು, ಗೋಡೆಗಳು ಸರಿಯಾಗಿದ್ದವು. ಅದನ್ನು ನೋಡುತ್ತಾ ಹದಿನಾಲ್ಕು ಮನೆ ತಿರುಗಿದ್ದಾನೆ.

ಹದಿನೈದನೆಯದು ನನ್ನ ಮನೆ. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತ.

"ನೀನು ಹಾಕಿದ ಹಳದಿ ಸರಿಯಾಗೇ ಇತ್ತು ಕಣೋ. ಒಂದು ಮಾತು ಹೇಳಬಹುದಿತ್ತಲ್ಲ."

ಕ್ಷಮಿಸು ಎನ್ನಬೇಕೆಂದು ವಾರಗಟ್ಟಲೆ ಅಂದುಕೊಂಡಿದ್ದವನು ನಾನು. ಆದರೆ ಬಾಯಿಂದ ಬಂದದ್ದು, "ಹೇಳಿದ್ರೆ ಕೇಳ್ತಿದ್ಯಾ?"

"ಕೇಳ್ತಿದ್ದೆ" ಅಂದ.

ನಾಲ್ಕು ತಿಂಗಳಿಗೆ ಎದೆನೋವು ಬಂದು ಹೋದ. ಅತ್ತಿಗೆ ಪೆಟ್ಟಿಗೆಯನ್ನು ನನ್ನ ಕೈಗಿಟ್ಟು, "ನಿನಗೇ ಕೊಡಬೇಕು ಅಂದಿದ್ರು" ಅಂದರು.

ಅಲ್ಲಿಂದ ಒಂಬತ್ತು ವರ್ಷ. ಖಾಲಿ ಮಾಡಿದ ಅಡುಗೆಮನೆಯಲ್ಲಿ ನಾನೊಬ್ಬನೇ ಇದ್ದರೆ ಬೆನ್ನ ಹಿಂದೆ ಆ ಸದ್ದು ಬರುತ್ತದೆ. ಟಕ್, ಟಕ್. ನಲ್ಲಿ ತೊಟ್ಟಿಕ್ಕುತ್ತಿದೆ ಎಂದು ಹೋಗಿ ನೋಡಿದರೆ ನಲ್ಲಿ ಒಣಗಿರುತ್ತದೆ. ಹೆಂಡತಿಗೆ ಹೇಳಿದರೆ ಅಳುತ್ತಾಳೆ, ಆದ್ದರಿಂದ ಯಾರಿಗೂ ಹೇಳಿಲ್ಲ. ಕಿವಿಯ ಮೇಲೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡುತ್ತೇನೆ. ಧೂಳಿಗೆ ಎಂದುಕೊಳ್ಳುತ್ತಾರೆ.

ಈಗ ನನ್ನ ಜೊತೆ ಕೆಲಸ ಮಾಡುವವನು ನನ್ನ ಬಾಮೈದ, ಹೆಂಡತಿಯ ತಮ್ಮ. ನಲವತ್ತು ದಾಟಿದವನು, ಕೈ ಚುರುಕು, ಬಾಯಿ ಇನ್ನೂ ಚುರುಕು. ನನ್ನ ಸಿಟ್ಟಿಗೆ ಅವನು 'ಕುಕ್ಕರ್' ಅನ್ನುತ್ತಾನೆ. "ಭಾವ, ಎರಡು ಸೀಟಿ ಆಯ್ತು, ಮೂರನೇದಕ್ಕೆ ಇಳಿಸಿಬಿಡಿ" ಎಂದು ಗಿರಾಕಿಗಳ ಮುಂದೆಯೇ ಹೇಳಿ ನಗಿಸುತ್ತಾನೆ. ಅವನಿಗೆ ಮಾತ್ರ ಅಷ್ಟು ಸಲಿಗೆ.

ಹೋದ ತಿಂಗಳು ನರ್ಸಮ್ಮನ ಫೋನ್ ಬಂತು. "ಏನಯ್ಯಾ ಪಟಾಕಿ, ಇನ್ನೂ ಕಿಡಿ ಇದೆಯೋ, ನಂದಿಹೋದೆಯೋ? ಅಡುಗೆಮನೆಗೆ ಹೊಸ ಕಪಾಟು ಮಾಡಿಸ್ತಿದ್ದೀನಿ. ಬಂದು ಬಿಳಿ ಆರಿಸಿಕೊಡು."

ಆಗುವುದಿಲ್ಲ ಎನ್ನಲು ಕಾರಣ ಸಿಗಲಿಲ್ಲ. ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ತೆಗೆದುಕೊಂಡು ಹೋದೆ. ರಟ್ಟುಗಳೆಲ್ಲ ಹಳದಿ ತಿರುಗಿದ್ದವು. ಒಂಬತ್ತು ವರ್ಷ ಅಟ್ಟದಲ್ಲಿದ್ದದ್ದು, ಇನ್ನೇನಾಗುತ್ತದೆ ಎಂದುಕೊಂಡೆ.

ಬಾಮೈದ ಹಳೆಯ ಕಪಾಟುಗಳ ಮೊಳೆ ಕಿತ್ತು ಕೆಳಗಿಳಿಸಿದ. ಅವುಗಳ ಹಿಂದೆ ಎರಡು ಮೊಳ ಎತ್ತರ, ಐದು ಮೊಳ ಉದ್ದದ ಗೋಡೆ ಹಾಗೆಯೇ ಇತ್ತು. ಅಣ್ಣನ ಬ್ರಷ್ಷಿನ ಗೆರೆಗಳು, ಎಡದಿಂದ ಬಲಕ್ಕೆ, ಕೊನೆಗೆ ಸ್ವಲ್ಪ ಮೇಲಕ್ಕೆ. ಆದರೆ ಅದು ನೀಲಿಯಾಗಿರಲಿಲ್ಲ. ಅಷ್ಟು ಸ್ವಚ್ಛವಾದ ಬಿಳಿಯನ್ನು ನಾನು ಬಹಳ ವರ್ಷದಿಂದ ಕಂಡಿರಲಿಲ್ಲ. ಕಾಸಿದ ಹಾಲೇ ಅದು. ಸುತ್ತ ನಾನು ಬಳಿದ ಗೋಡೆ ಅದರ ಪಕ್ಕದಲ್ಲಿ ಮುದುಕನ ಹಲ್ಲಿನ ಹಾಗಿತ್ತು.

ಕತ್ತಲಲ್ಲಿದ್ದ ಬಣ್ಣ, ಹೊತ್ತು ಕಳೆದಂತೆ ನೀಲಿ ಇಳಿದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಮತ್ತೆ ನೋಡಲು ಧೈರ್ಯ ಬರಲಿಲ್ಲ.

"ಏನು ಭಾವ, ದೆವ್ವ ನೋಡಿದೋರ ಥರ ನಿಂತ್ರಿ?" ಅಂದ ಬಾಮೈದ.

"ಬಾಯಿ ಮುಚ್ಚಿ ಡಬ್ಬ ತೆಗಿ."

ಮಾದರಿಗೆ ಒಂದು ಹೊಸ ರಟ್ಟು ಮಾಡೋಣವೆಂದು ಸ್ವಲ್ಪ ಬಿಳಿ ಸುರಿದು, ಆ ಗೋಡೆಯನ್ನೇ ನೋಡುತ್ತಾ ನೀಲಿ ಹನಿಸಿದೆ. ಎಷ್ಟು ಹನಿ ಎಂದು ಎಣಿಸಲಿಲ್ಲ. ಕೈ ತೊಳೆಯಲು ಹಿತ್ತಲಿಗೆ ಹೋದೆ. ತಿರುಗಿ ಬರುವಾಗ ಬಾಗಿಲ ಹತ್ತಿರವೇ ಕೇಳಿಸಿತು.

ಟಕ್, ಟಕ್.

ಈ ಸಲ ನಾನು ಕಿವಿ ಮುಚ್ಚಿಕೊಳ್ಳಲಿಲ್ಲ. ಒಳಗೆ ಬಂದೆ. ಬಾಮೈದ ಡಬ್ಬದ ಮೇಲೆ ಬಗ್ಗಿದ್ದ. ಒಂದು ಕೈಯಲ್ಲಿ ಕಡ್ಡಿ, ಇನ್ನೊಂದರಲ್ಲಿ ಮಣ್ಣುಹಳದಿಯ ಬಾಟಲಿ. ನನ್ನನ್ನು ಕಂಡು ಬಾಟಲಿಯನ್ನು ಬೆನ್ನ ಹಿಂದೆ ಹಿಡಿದ, ನಲವತ್ತು ದಾಟಿದ ಗಂಡಸು.

"ಎಷ್ಟು ದಿನದಿಂದ?" ಎಂದೆ.

"ಭಾವ, ಅದು..."

"ಎಷ್ಟು ದಿನದಿಂದ ಅಂತ ಕೇಳಿದೆ."

"ಎಂಟು ತಿಂಗಳು."

ನರ್ಸಮ್ಮ ಬಾಗಿಲಿಗೆ ಬಂದು ನಿಂತಿದ್ದರು. ಅವತ್ತು ನಿಂತಿದ್ದ ಜಾಗದಲ್ಲೇ. ಇಬ್ಬರೂ ನಾನು ಸಿಡಿಯುವುದನ್ನು ಕಾಯುತ್ತಿದ್ದರು. ನನಗೂ ಹಾಗೇ ಅನ್ನಿಸಿತ್ತು. ಆದರೆ ಒಳಗೆ ಬರೀ ಬೂದಿಯಿತ್ತು.

"ಒಂದು ಮಾತು ಹೇಳಬಹುದಿತ್ತಲ್ಲೋ" ಅಂದೆ.

ಅವನು ತಲೆ ಎತ್ತಲಿಲ್ಲ. "ಹೇಳಿದ್ರೆ ಕೇಳ್ತಿದ್ರಾ, ಭಾವ?"

ಅಣ್ಣ ಕೊಟ್ಟ ಉತ್ತರ ನನಗೆ ಗೊತ್ತಿತ್ತು. ಒಂದೇ ಶಬ್ದ, ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅಣ್ಣ ಹೇಳಿದಾಗ ಅದು ನಿಜವಾಗಿತ್ತು. ನಾನು ಅಲ್ಲೇ ಮಗುಚಿಟ್ಟಿದ್ದ ಡಬ್ಬದ ಮೇಲೆ ಕೂತೆ.

ನರ್ಸಮ್ಮ ಬಂದು ನನ್ನ ರೆಪ್ಪೆ ಎತ್ತಿ, ಕಿಟಕಿಯ ಕಡೆ ತಿರುಗಿಸಿ ನೋಡಿದರು. "ಅಣ್ಣನ ಆಸ್ತಿ ತಮ್ಮನಿಗೆ ಬಂದಿದೆ. ಅದೇ ಪೊರೆ, ಎರಡೂ ಕಣ್ಣಿಗೆ" ಅಂದರು. ಆಮೇಲೆ ಗೋಡೆಯ ಕಡೆ ಕೈ ಮಾಡಿದರು. "ಅವತ್ತು ನೀನು ಬಾಯಿ ಮುಚ್ಚಿಸಿದೆಯಲ್ಲ, ಆ ಮಾತು ಈಗ ಹೇಳ್ತೀನಿ ಕೇಳು. ನೀಲಿ ಅಂತ ನನಗೂ ಗೊತ್ತಾಗಿತ್ತು ಕಣಯ್ಯ. ನಾನೇನು ಕುರುಡಿಯಾ? ನೈಟ್ ಡ್ಯೂಟಿ ಮುಗಿಸಿ ಬೆಳಿಗ್ಗೆ ಬಂದು ನೋಡಿದ್ರೆ ಕಣ್ಣಿಗೆ ತಣ್ಣಗಿತ್ತು. ಹೀಗೇ ಇರಲಿ ಅನ್ನೋಣ ಅಂತಿದ್ದೆ."

"ಅಣ್ಣನಿಗೆ ಹೇಳಿದ್ರಾ?"

"ಆಸ್ಪತ್ರೆಯಲ್ಲಿ ಹೇಳಿದೆ. ನಂಬಲಿಲ್ಲ. ಸಮಾಧಾನಕ್ಕೆ ಹೇಳ್ತೀರಿ ಅಂದ."

ರಟ್ಟುಗಳ ಅಗತ್ಯ ಬೀಳಲಿಲ್ಲ. ಗೋಡೆಗೆ ಅದೇ ಬೇಕೆಂದು ನರ್ಸಮ್ಮ ಆ ಜಾಗವನ್ನು ತೋರಿಸಿದರು. ಆದರೂ ಕಪಾಟಿಗೆ ಯಾವುದು ಹೊಂದುತ್ತದೆಂದು ನೋಡಲು ಐದು ರಟ್ಟು ಇಟ್ಟು ಮೂರು ದಿನ ಬಿಟ್ಟು ಬಂದೆ. ಅವರು 'ಮನೆಯವಳ ಸಿಟ್ಟು' ಆರಿಸಿದರು. ಬೆರೆಸಿದ್ದು ಬಾಮೈದ. ನಾನು ಪಕ್ಕದಲ್ಲಿ ನಿಂತು, "ಬಣ್ಣ ಕೂಡಿತಾ?" ಎನ್ನುವುದು. ಅವನು, "ಇಲ್ಲ ಭಾವ, ಇನ್ನೊಂದು ಹನಿ" ಎನ್ನುವುದು. ನನ್ನ ಕಣ್ಣಿಗೆ ಅಷ್ಟು ಹೊತ್ತಿಗಾಗಲೇ ಕೂಡಿತ್ತು. ಆದರೂ ಅವನು ಹೇಳಿದ್ದಕ್ಕೆ ತಲೆಯಾಡಿಸಿದೆ.

ಅಣ್ಣನ ಆ ತುಂಡು ಗೋಡೆಯ ಮೇಲೆ ಬ್ರಷ್ ಇಡಲು ಬಿಡಲಿಲ್ಲ. ಸುತ್ತಲೂ ಅದಕ್ಕೆ ಸೇರಿಸಿ ಬಳಿದು, ಹೊಸ ಕಪಾಟುಗಳನ್ನು ಅದರ ಮೇಲೆಯೇ ಕೂರಿಸಿದೆವು.

ಪೊರೆ ತೆಗೆಸಲು ಬರುವ ಸೋಮವಾರ ದಿನ ಕೊಟ್ಟಿದ್ದಾರೆ. ಎರಡು ಸಲ ನಾನೇ ಮುಂದೂಡಿದ್ದೆ. ಈ ಸಲ ತಪ್ಪಿಸಿದರೆ ಮನೆಗೆ ಬಂದು ತಾನೇ ಕತ್ತರಿಯಲ್ಲಿ ಕೀಳುತ್ತೇನೆ ಅಂದಿದ್ದಾರೆ ನರ್ಸಮ್ಮ. ತೆಗೆಸಿದ ಮೇಲೆ ಆ ಅಡುಗೆಮನೆ ನನಗೂ ನೀಲಿ ಕಾಣುತ್ತದೆ. ಹಾಗಾಗಿ ನಿನ್ನೆ ಮಧ್ಯಾಹ್ನ, ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ, ಕಪಾಟಿನ ತಿರುಪು ಸಡಿಲವಾಗಿದೆಯೇನೋ ನೋಡುತ್ತೇನೆ ಎಂದು ಸುಳ್ಳು ಹೇಳಿ ಒಳಗೆ ಹೋದೆ. ಕಿವಿಯ ಬಟ್ಟೆ ಬಿಚ್ಚಿ ಅಣ್ಣ ನಿಂತಿದ್ದ ಮೂಲೆಯಲ್ಲಿ ನಿಂತೆ. ಗೋಡೆ ಹಾಲಿನ ಹಾಗಿತ್ತು. ಅವತ್ತು ಅವನು ಹೇಳಿದ ಹಾಗೆಯೇ ಸರಿಯಾಗಿ ಬಂದಿತ್ತು.

"ಕಂಡಿತು ಅಣ್ಣ" ಎಂದು ಜೋರಾಗಿಯೇ ಅಂದೆ. ಕಾದೆ. ಏನೂ ಸದ್ದಾಗಲಿಲ್ಲ.